ತಪ್ಪದ ತಪ್ಪು

ಒಕಾಯಾ ಊರಿನ ರೈಲುಹಳಿಯ ಪಕ್ಕ
ತಗಡಿನ ಮಾಡು. ಮೇಲಂತಸ್ತಿನ ಕತ್ತಲೆಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ:
ಸೂಜಿಮೊನೆಯಷ್ಟು ಬೆಳಕನ್ನು ಲೆನ್ಸಿನೊಳಗೆ ಬಿಟ್ಟು
ಅದು ಎಷ್ಟು ತಪ್ಪುತ್ತದೆ ಎಂದು ಅಳೆಯುವುದು.

ಬೇರೆಯವರು ತಪ್ಪನ್ನು ತೆಗೆಯುತ್ತಾರೆ.
ನಾವು ಉಳಿಸುತ್ತಿದ್ದೆವು.
ಅಂಚಿನ ಕಿರಣ ನಡುವಿನದರ ಜೊತೆ
ಒಂದೇ ಬಿಂದುವಿನಲ್ಲಿ ಕೂಡಬಾರದು,
ಕೂದಲೆಳೆಯಷ್ಟು ಮುಂಚೆ ಬಂದುಬಿಡಬೇಕು,
ಮದುವೆಮನೆಗೆ ಹಿಂದಿನ ದಿನವೇ ಬಂದಿಳಿದ ಚಿಕ್ಕಮ್ಮನ ಹಾಗೆ.
ಆಗ ಬಿಂದುವಿನ ಸುತ್ತ ಒಂದು ಪರಿವೇಷ.

ಪರಿವೇಷಕ್ಕೂ ಲೆಕ್ಕವಿತ್ತು. ಗಾಜುಪಟ್ಟಿಯಲ್ಲಿ ಕೊರೆದ
ಎರಡು ಉಂಗುರಗಳ ನಡುವೆ ಕೂರಬೇಕು ಅದು.
ಹೆಚ್ಚಾದರೆ ಕದಡಿದ ಹಾಲು.
ಕಡಿಮೆಯಾದರೆ ಎಲ್ಲರ ಲೆನ್ಸಿನ ಹಾಗೆ ಚೂಪು. ಅದೂ ವಾಪಸು.
ಚೆನ್ನಾಗಿದೆ ಎಂಬ ಕಾರಣಕ್ಕೇ ನಾನು ತಿರಸ್ಕರಿಸಿದ್ದು
ಒಂದು ಕಪಾಟಿನ ತುಂಬ ಇತ್ತು.
‘ತಪ್ಪನ್ನು ತಪ್ಪದೆ ಮಾಡಬೇಕು, ಮಿಯಾಸಾಕಾ-ಸಾನ್,’
ಎನ್ನುತ್ತಿದ್ದರು ಯಜಮಾನ ಕೊಮಾಗಾತಾ,
ಹಲ್ಲಿನ ಸಂದಿಯ ಉಪ್ಪಿನಕಾಯಿ ಕೆದಕುತ್ತ.

ನನ್ನಜ್ಜಿ ಇದೇ ಊರಿನ ರೇಷ್ಮೆ ಗಿರಣಿಯಲ್ಲಿ
ಕುದಿನೀರಿನಿಂದ ಗೂಡಿನ ಎಳೆ ಹೆಕ್ಕಿದವಳು.
ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.
ಗಿರಣಿ ನಿಂತಾಗ ಗಡಿಯಾರ ಬಂತು,
ಗಡಿಯಾರದ ಬೆನ್ನಿಗೆ ಗಾಜು.
ಗಾಜಿನ ಬೆನ್ನಿಗೆ?
ಪ್ಯಾಕಿಂಗಿನ ಹುಡುಗ ಮೊಮೊಸೆ ಫೋನು ತೋರಿಸುತ್ತಾನೆ:
ಬೆರಳೊತ್ತಿದರೆ ಸುಕ್ಕು ಮಾಯ, ಕೆನ್ನೆ ಮೊಟ್ಟೆಚಿಪ್ಪು.
‘ಇದೂ ನಿಮ್ಮ ಮೃದುವೇ ಅಲ್ವಾ?’

ಅಲ್ಲ ಕಣಪ್ಪ. ಅದು ಒರೆಸುತ್ತದೆ.
ನಮ್ಮದು ಏನನ್ನೂ ಒರೆಸಿದ್ದಲ್ಲ.
ರೆಪ್ಪೆಗೂದಲು ಒಂದೊಂದೂ ಅಲ್ಲೇ ಇರುತ್ತಿತ್ತು, ಬೇಕಾದರೆ ಎಣಿಸು,
ಮೇಲೆ ಬೆಳಕು ಸ್ವಲ್ಪ ತುಳುಕಿರುತ್ತಿತ್ತು,
ಅಷ್ಟೆ.

ಮಾರ್ಚಿಯಲ್ಲಿ ಒಂದು ಸಾಲಿನ ಪತ್ರ ಹೊರಟಿತು:
ಬಿಡಿಭಾಗಗಳ ಅಭಾವದಿಂದ ತಯಾರಿಕೆ ಮುಗಿದಿದೆ.
ಅಭಾವ ಭಾಗಗಳದ್ದಲ್ಲ. ಕಳೆದ ವರ್ಷ ಮಾರಾಟವಾದದ್ದು ಹನ್ನೊಂದು.
ಅದರಲ್ಲಿ ಎರಡು ಸಕಾತಾ ಬಂದರಿನ ಇತಗಾಕಿ ಸ್ಟುಡಿಯೋಕ್ಕೆ.

ಅವರಿಂದ ಮಾತ್ರ ಮಾರುತ್ತರ ಬಂತು, ಬ್ರಶ್ಶಿನಲ್ಲಿ ಬರೆದದ್ದು:
‘ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಮುದುಕರು.
ತಮ್ಮ ಸಾವಿನ ದಿನ ಹೂವಿನ ನಡುವೆ ಇಡುವ ಪಟವನ್ನು
ಬದುಕಿರುವಾಗಲೇ ತೆಗೆಸಿಟ್ಟುಕೊಳ್ಳಲು,
ಒಳ್ಳೆಯ ಕೋಟು ಹಾಕಿಕೊಂಡು ಬರುತ್ತಾರೆ.
ಮೊನ್ನೆ ಮೀನುದೋಣಿಯ ಒಬ್ಬರು ತಮ್ಮ ಪಟ ನೋಡಿ
ಬಹಳ ಹೊತ್ತು ಸುಮ್ಮನಿದ್ದು ಅಂದರು,
ಸುಕ್ಕೆಲ್ಲ ಇದೆ, ಆದರೆ ಯಾವುದೂ ನನ್ನನ್ನು ಬೈಯುತ್ತಿಲ್ಲ.
ಇದನ್ನು ತಿಳಿಸಬೇಕೆನ್ನಿಸಿತು. ಬೇರೇನಿಲ್ಲ.’

ಕೊಮಾಗಾತಾ ಅದನ್ನು ಓದಿ, ಮಡಚಿ,
ಬಿಲ್ಲುಗಳ ಫೈಲಿನಲ್ಲಿಟ್ಟರು. ಇನ್ನೆಲ್ಲಿಡುತ್ತಾರೆ?

ಕೊನೆಯ ದಿನ ಕೊನೆಯ ಲೆನ್ಸು, ನಾಲ್ಕು ಸಾವಿರದ ಇನ್ನೂರ ಆರು.
ಬೆಳಿಗ್ಗೆ ನಾನೇ ನೋಡಿ, ಮುದ್ರೆ ಒತ್ತಿ, ಕೆಳಗೆ ಕಳಿಸಿದ್ದು.
ಸಂಜೆ ಮೊಮೊಸೆ ಅದನ್ನೇ ಕ್ಯಾಮೆರಾಕ್ಕೆ ತಿರುಪಿ
‘ಒಂದೇ ಒಂದು, ಕಿಟಕಿ ಕಡೆ ತಿರುಗಿ’ ಎಂದ.
ಇಷ್ಟು ವರ್ಷದಲ್ಲಿ ನಾನು ಅದರ ಮುಂದೆ ಕೂತದ್ದೇ ಇಲ್ಲ,
ಯಾವಾಗಲೂ ಹಿಂದೆ.

ವಾರ ಕಳೆದು ಪಟ ಅಂಚೆಯಲ್ಲಿ ಬಂತು.
ಮುಖಕ್ಕಿಂತ ಮೊದಲು ಕಣ್ಣು ಹೋದದ್ದು
ಕಿವಿಯ ಬಳಿ ಕಿಟಕಿಬೆಳಕು ತಗುಲಿದ ಒಂದು ಬಿಳಿ ಕೂದಲಿಗೆ.
ಹಳೆ ಚಾಳಿ. ಹೊಲಿಗೆಪೆಟ್ಟಿಗೆಯ ಭೂತಗನ್ನಡಿ ತಂದು ಅಳೆದೆ.
ಪರಿವೇಷ ಹೊರಗಿನ ಉಂಗುರ ದಾಟಿದೆ.
ಸ್ವಲ್ಪವಲ್ಲ.
ಯಾರೇ ನೋಡಿದ್ದರೂ ಇದನ್ನು ವಾಪಸು ಕಳಿಸುತ್ತಿದ್ದರು.

ಮುದ್ರೆ ನನ್ನದು.

ಮತ್ಸುಮೊತೊದ ಕಣ್ಣಾಸ್ಪತ್ರೆಯ ಚೀಟಿ
ಚಳಿಗಾಲದಿಂದ ಫ್ರಿಜ್ಜಿನ ಬಾಗಿಲಲ್ಲಿ ನೇತಾಡುತ್ತಿದೆ.
ಬೀದಿದೀಪಗಳಿಗೆಲ್ಲ ಉಂಗುರ ಮೂಡಿದ್ದು ಯಾವಾಗಿನಿಂದ
ಎಂದು ಕೇಳಿದ್ದರು ಡಾಕ್ಟರು.
ಗಮನಿಸಿಲ್ಲ ಎಂದಿದ್ದೆ.
ಎಷ್ಟು ಹೋದವೋ ಹೀಗೆ, ಸಕಾತಾದ ಎರಡರಲ್ಲಿ ಒಂದಾದರೂ.

ಪಟವನ್ನು ಹರಿಯಲಿಲ್ಲ.
ಹಿಂದೆ ತಾರೀಖು ಬರೆದು, ಅಭ್ಯಾಸಬಲದಿಂದ
ಅದರ ಕೆಳಗೆ ‘ತಿರಸ್ಕೃತ’ ಎಂದು ಬರೆದು,
ಅಜ್ಜಿಯ ಪಟದ ಪಕ್ಕ
ಸ್ವಲ್ಪ ಓರೆಯಾಗಿ ಒರಗಿಸಿದ್ದೇನೆ.